ಬೆರಕೆ ಕೋಳಿಮರಿ: ಹೇಂಟೆಯೋ ಹುಂಜವೋ, ಅಪ್ಪ ಯಾರು?

ಕಳೆದ ಮಳೆಗಾಲದ ಕೊನೆಗೆ ಪಕ್ಕದ ಕೇರಿಯ ಅತ್ತಿಗೆಗೆ ನಾಲ್ಕು ಮರಿ ಕೊಟ್ಟಿದ್ದೆ, ನಾಲ್ಕೂ ಹೇಂಟೆ ಎಂದು ಹೇಳಿ. ದೀಪಾವಳಿ ಕಳೆಯುವಷ್ಟರಲ್ಲಿ ಮೂರು ಕೂಗಿದವು. "ತಮಾ, ನೀ ಕೊಟ್ಟ ಹ್ಯಾಟೆ ಬೆಳಗಿನ ಜಾವ ನಾಲ್ಕಕ್ಕೇ ಏಳಸ್ತದಲ್ಲೋ" ಎಂದು ಅವರು ಬೇಲಿಯಾಚೆಯಿಂದ ಹೇಳಿದ್ದು ಅರ್ಧ ಕೇರಿಗೆ ಕೇಳಿತು.

ತಪ್ಪು ನನ್ನದೇ. ನಾಲ್ಕು ವಾರದ ಮರಿಗಳ ಬಾಲ ನೋಡಿ, ಬಾಲ ಬೇಗ ಬಂದಿದೆ, ಹಾಗಾದರೆ ಹೇಂಟೆ ಎಂದು ತೀರ್ಮಾನಿಸಿದ್ದೆ. ಅವುಗಳ ಅಪ್ಪ ಯಾರೆಂದು ಯೋಚಿಸಿರಲಿಲ್ಲ. ಒಂದೇ ಹೇಂಟೆಯ ರೆಕ್ಕೆಯಡಿ ಎರಡು ಹುಂಜದ ಮರಿಗಳಿದ್ದವು. ನಮ್ಮ ಊರುಹುಂಜದ ಮರಿಗೆ ಗರಿ ಬೇಗ ಬರುತ್ತದೆ. ಗಿರಿರಾಜ ಎಂಬ ಸುಧಾರಿತ ತಳಿಯ ರಕ್ತ ಸೇರಿದ ಮರಿ ತಿಂಗಳಾದರೂ ಅರೆಬತ್ತಲೆಯಾಗಿ ಓಡಾಡುತ್ತಿರುತ್ತದೆ. ಹಾಗಾಗಿ ಊರುಹುಂಜದ ಗಂಡುಮರಿಗೆ ಗಿರಿರಾಜ ಬೆರಕೆಯ ಹೆಣ್ಣುಮರಿಗಿಂತ ಮೊದಲು ಬಾಲ ಬಂದಿತ್ತು. ನಾನು ಲಿಂಗ ನೋಡುತ್ತಿದ್ದೇನೆ ಎಂದುಕೊಂಡು ತಳಿ ನೋಡಿದ್ದೆ.

ಮೂವತ್ತು ವರ್ಷದ ಹಿಂದೆ ಅಘನಾಶಿನಿ ದಡದ ನಮ್ಮಂಥ ಹಳ್ಳಿಗಳಲ್ಲಿ ಈ ತಾಪತ್ರಯ ಇಷ್ಟಿರಲಿಲ್ಲ. ಅಂಗಳದಲ್ಲಿ ಇದ್ದದ್ದು ಊರುಕೋಳಿ ಮಾತ್ರ, ಅಜ್ಜಿ ದೂರದಿಂದಲೇ ಹೇಳುತ್ತಿದ್ದಳು. ಈಗ ಹೆಬ್ಬಾಳದಲ್ಲಿ ರೂಪಿಸಿದ ಗಿರಿರಾಜ, ಸ್ವರ್ಣಧಾರ ಇವೆ. ಹೈದರಾಬಾದಿನಿಂದ ಬಂದ ವನರಾಜ, ಗ್ರಾಮಪ್ರಿಯ ಇವೆ. ಮಧ್ಯಪ್ರದೇಶದ ಝಾಬುವಾದ ಕಡಕ್‌ನಾಥ್ 2018ರಲ್ಲಿ ಭೌಗೋಳಿಕ ಗುರುತು ಪಡೆದ ಮೇಲಂತೂ ತಾಲೂಕಿಗೆ ನಾಲ್ಕು ಮನೆಯಲ್ಲಾದರೂ ಕರಿಕೋಳಿ ಕಾಣಿಸುತ್ತಿದೆ. ಭಟ್ಕಳ, ಹೊನ್ನಾವರದ ಕಡೆ ಅಂಕದ (ಕೋಳಿಕಾದಾಟದ) ಹುಂಜದ ಚಹರೆ ಇರುವ ಎತ್ತರದ ಕೋಳಿಗಳೂ ಸಿಗುತ್ತವೆ. ಇವೆಲ್ಲ ಹಗಲಿಡೀ ಬೇಲಿ ದಾಟಿ ಮೇಯುತ್ತವೆ. ಸಂಜೆ ಗೂಡು ಸೇರುವುದು ಬೇರೆ ಬೇರೆಯಾದರೂ ಸಂಸಾರ ಒಂದೇ.

ಆದ್ದರಿಂದ ಮರಿ ಹೆಣ್ಣೋ ಗಂಡೋ ಎಂದು ಕೇಳುವ ಮುಂಚೆ ಅಪ್ಪ ಅಮ್ಮ ಯಾರೆಂದು ಕೇಳಬೇಕು. ಮುಂದಿನ ಹೆಜ್ಜೆಗಳೆಲ್ಲ ಅದೇ ಕ್ರಮದಲ್ಲಿವೆ.

ಕಾವಿಗೆ ಕೂಡಿಸುವ ಮುಂಚೆ

ಒಂದು ಹಳೆ ನೋಟುಬುಕ್ಕು, ಒಂದು ಪೆನ್ಸಿಲ್ಲು ಸಾಕು. ಮೊದಲ ಪುಟದಲ್ಲಿ ನಿಮ್ಮ ಹೇಂಟೆಗಳು ಮುಟ್ಟಬಹುದಾದ ಹುಂಜಗಳ ಪಟ್ಟಿ ಮಾಡಿ. ನಿಮ್ಮವು ಮಾತ್ರ ಅಲ್ಲ, ಎಡಬಲದ ಎರಡು ಮನೆಯವೂ ಸೇರಬೇಕು. ಪ್ರತಿ ಹುಂಜದ ಹೆಸರಿನ ಎದುರು ಐದು ಸಂಗತಿ ಬರೆಯಿರಿ: ಕಾಲಿನ ಬಣ್ಣ, ಅಂಗಾಲಿನ ಬಣ್ಣ, ತಲೆಯ ಮೇಲಿನ ಕೆಂಪು ಜುಟ್ಟಿನ ಆಕಾರ, ಕುತ್ತಿಗೆಯಲ್ಲಿ ಗರಿ ಇದೆಯೋ ಬೋಳೋ, ಮೈಬಣ್ಣ. ಹೇಂಟೆಗಳಿಗೂ ಹೀಗೆಯೇ. ಅಂಗಾಲು ಯಾಕೆ ಎಂದರೆ, ಮೈ ಕಪ್ಪಗಿರುವ ಕೋಳಿಯ ಕಾಲಿನ ಹುರುಪೆಯೂ ಕಪ್ಪಾಗಿ ಒಳಗಿನ ಬಣ್ಣ ಮುಚ್ಚಿಹೋಗುತ್ತದೆ. ಅಂಗಾಲು ಸುಳ್ಳು ಹೇಳುವುದಿಲ್ಲ.

ಆಮೇಲೆ ಮೊಟ್ಟೆ. ಒಂದು ಹೇಂಟೆ ಇಡುವ ಮೊಟ್ಟೆಗಳ ಆಕಾರ, ಬಣ್ಣ ಹೆಚ್ಚುಕಡಿಮೆ ಒಂದೇ ತೆರನಾಗಿರುತ್ತವೆ, ವಾರ ಗಮನಿಸಿದರೆ ಯಾರದ್ದೆಂದು ತಿಳಿಯುತ್ತದೆ. ಇಟ್ಟ ದಿನವೇ ಪೆನ್ಸಿಲ್ಲಿನಲ್ಲಿ ತಾಯಿಯ ಗುರುತು, ತಾರೀಖು ಬರೆದಿಡಿ. ಕಾವಿಗೆ ಕೂತವಳೇ ತಾಯಿ ಎಂದು ತಿಳಿಯುವುದು ಎಲ್ಲರೂ ಮಾಡುವ ತಪ್ಪು. ಕಾವಿಗೆ ಚೆನ್ನಾಗಿ ಕೂರುವವಳು ಊರುಹೇಂಟೆ, ಅವಳ ಅಡಿಯಲ್ಲಿರುವುದು ನಾಲ್ಕು ಜನರ ಮೊಟ್ಟೆ. ಕೂತ ಮೇಲೂ ಉಳಿದವರು ಬಂದು ಒಂದೆರಡು ಸೇರಿಸಿ ಹೋಗುತ್ತಾರೆ. ಗುರುತಿಲ್ಲದ ಮೊಟ್ಟೆಯನ್ನು ಅಂದೇ ತೆಗೆದರೆ 21 ದಿನಕ್ಕೆ ಎಲ್ಲವೂ ಒಟ್ಟಿಗೆ ಒಡೆಯುತ್ತವೆ, ಲೆಕ್ಕವೂ ಉಳಿಯುತ್ತದೆ.

ಅಪ್ಪನ ವಿಷಯ ಇದಕ್ಕಿಂತ ಸಿಕ್ಕು. ಹೇಂಟೆಯ ಮೊಟ್ಟೆನಾಳದಲ್ಲಿ ಹುಂಜದ ವೀರ್ಯ ಕೂಡಿಟ್ಟುಕೊಳ್ಳುವ ಸಣ್ಣ ಸಣ್ಣ ನಳಿಕೆಗಳಿವೆ. ಒಮ್ಮೆ ಕೂಡಿದರೆ ಎರಡು, ಕೆಲವೊಮ್ಮೆ ಮೂರು ವಾರದವರೆಗೆ ಫಲಿತ ಮೊಟ್ಟೆ ಬರುತ್ತಿರುತ್ತದೆ. ಹೊಸ ಹುಂಜ ತಂದ ಮಾರನೆಯ ದಿನದಿಂದ ಬಂದ ಮೊಟ್ಟೆಗಳನ್ನೆಲ್ಲ ಅವನ ಲೆಕ್ಕಕ್ಕೆ ಬರೆದರೆ, ಮಾರಿ ಕೈತೊಳೆದುಕೊಂಡ ಹಳೆ ಹುಂಜದ ಮಕ್ಕಳಿಗೆ ಹೊಸಬನ ಹೆಸರು ಬಿದ್ದಂತೆ. ನಿಜವಾಗಿ ಅಪ್ಪ ಯಾರೆಂದು ಗೊತ್ತಿರಬೇಕಾದರೆ ಹೇಂಟೆಯನ್ನು ಮೂರು ನಾಲ್ಕು ವಾರ ಬೇರೆ ಕೂಡಿಹಾಕಿ, ಆಮೇಲೆ ಬೇಕಾದ ಹುಂಜದೊಂದಿಗೆ ಮಾತ್ರ ಬಿಡಿ. ಅಷ್ಟು ವ್ಯವಧಾನ ಇಲ್ಲದವರು (ನಾನೂ ಅದೇ ಗುಂಪಿನವನು) ಪುಸ್ತಕದಲ್ಲಿ "ಇವನು ಅಥವಾ ಅವನು" ಎಂದು ಪ್ರಾಮಾಣಿಕವಾಗಿ ಬರೆದುಕೊಂಡರೆ ಸಾಕು.

ಒಂದೇ ಒಂದು ಲೆಕ್ಕ ಕಲಿಯಿರಿ

ಮನುಷ್ಯರಲ್ಲಿ ಮಗುವಿನ ಲಿಂಗ ತೀರ್ಮಾನವಾಗುವುದು ಅಪ್ಪನ ಕಡೆಯಿಂದ. ಕೋಳಿಯಲ್ಲಿ ತಿರುವುಮುರುವು. ಹುಂಜದಲ್ಲಿ ಎರಡು ಝಡ್ ವರ್ಣತಂತು, ಹೇಂಟೆಯಲ್ಲಿ ಒಂದು ಝಡ್ ಮತ್ತು ಒಂದು ಡಬ್ಲ್ಯೂ. ಅಮ್ಮನಿಂದ ಝಡ್ ಬಂದರೆ ಗಂಡು, ಡಬ್ಲ್ಯೂ ಬಂದರೆ ಹೆಣ್ಣು.

ಹಾಗಾದರೆ ಹೆಣ್ಣುಮರಿಗೆ ಇರುವ ಒಂದೇ ಒಂದು ಝಡ್ ಅಪ್ಪನದು. ಗಂಡುಮರಿಗೆ ಅಪ್ಪನದೂ ಅಮ್ಮನದೂ ಇವೆ. ಝಡ್ ಮೇಲೆ ಕೂತಿರುವ ಗುಣಗಳಲ್ಲಿ ಅಮ್ಮನದು ಜೋರಿನದು (ಒಬ್ಬರಿಂದ ಬಂದರೂ ಸಾಕು, ಕಾಣಿಸುವಂಥದ್ದು) ಆಗಿ, ಅಪ್ಪನದು ಅಡಗುವಂಥದ್ದು (ಜೋರಿನದು ಜೊತೆಗಿದ್ದರೆ ಕಾಣದಂಥದ್ದು) ಆಗಿದ್ದರೆ, ಮಗ ಅಮ್ಮನನ್ನು ಹೋಲುತ್ತಾನೆ, ಮಗಳು ಅಪ್ಪನನ್ನು. ಅಜ್ಜಿಯರ ಭಾಷೆಯಲ್ಲಿ ಹೇಳುವುದಾದರೆ ಅಡ್ಡ ಹೋಲಿಕೆ.

ಅಪ್ಪನ ಗುಣವೇ ಜೋರಿನದಾಗಿದ್ದರೆ ಮಕ್ಕಳೆಲ್ಲ ಅಪ್ಪನಂತೆಯೇ ಹುಟ್ಟುತ್ತವೆ, ಬಣ್ಣದಿಂದ ಲಿಂಗ ಹೇಳಲು ಬಾರದು. ಬಹಳ ಜನ ಎಡವುವುದು ಇಲ್ಲೇ. ಇಂಥ ಬಣ್ಣದ ಕೋಳಿಯ ಮರಿ ಹೀಗಿದ್ದರೆ ಹೇಂಟೆ ಎಂದು ಎಲ್ಲೋ ಕೇಳಿರುತ್ತಾರೆ, ಆ ಬಣ್ಣ ತಾಯಿಯದ್ದಾಗಿರಬೇಕೋ ತಂದೆಯದ್ದೋ ಎಂಬುದನ್ನು ಮರೆತಿರುತ್ತಾರೆ.

ಮೊದಲ ದಿನ ನೋಡಬೇಕಾದದ್ದು

ಪಟ್ಟೆಕೋಳಿ ಎಂದರೆ ಪ್ರತಿ ಗರಿಯ ಮೇಲೂ ಕಪ್ಪುಬಿಳಿ ಅಡ್ಡಗೆರೆ ಇರುವ ಕೋಳಿ. ಈ ಪಟ್ಟೆ ಝಡ್ ಮೇಲಿನ ಜೋರಿನ ಗುಣ. ನಿಮ್ಮ ಹೇಂಟೆ ಪಟ್ಟೆಯವಳಾಗಿ, ಹುಂಜ ಪಟ್ಟೆಯಿಲ್ಲದ ಕಪ್ಪೋ ಕೆಂಪೋ ಆಗಿದ್ದರೆ ಅದೃಷ್ಟ. ಒಡೆದ ದಿನವೇ ಕಪ್ಪು ತುಪ್ಪಳದ ಮರಿಗಳನ್ನು ಅಂಗೈಲಿಟ್ಟು ನೆತ್ತಿ ನೋಡಿ. ನೆತ್ತಿಯ ಮೇಲೆ ಬಿಳಿ ಚುಕ್ಕೆ ಇದ್ದದ್ದು ಗಂಡು, ನೆತ್ತಿ ಪೂರ್ತಿ ಕಪ್ಪಗಿದ್ದದ್ದು ಹೆಣ್ಣು. ಮೂರು ನಾಲ್ಕು ವಾರಕ್ಕೆ ಗಂಡುಮರಿಯ ಹೊಸ ರೆಕ್ಕೆಗರಿಯ ಮೇಲೆ ಗೆರೆ ಬಂದು ಖಾತ್ರಿಯಾಗುತ್ತದೆ.

ಮರಿಯ ತುಪ್ಪಳ ಕಂದು ಗೆರೆಯದ್ದಾಗಿದ್ದರೆ ಚುಕ್ಕೆ ಅಷ್ಟು ನಿಚ್ಚಳವಾಗಿ ಕಾಣದು, ಬೆಳ್ಳಗಿದ್ದರೆ ಕಾಣುವುದೇ ಇಲ್ಲ. ಹುಂಜವೇ ಪಟ್ಟೆಯವನಾಗಿದ್ದರೆ ಮರಿಗಳೆಲ್ಲ, ಅವನು ಬೆರಕೆಯಾಗಿದ್ದರೆ ಸುಮಾರು ಅರ್ಧ, ಪಟ್ಟೆಯಾಗುತ್ತವೆ. ಅದರಲ್ಲಿ ಗಂಡೂ ಇರುತ್ತದೆ, ಹೆಣ್ಣೂ ಇರುತ್ತದೆ.

ಬೆಳ್ಳಿಬಣ್ಣದ ತಾಯಿ, ಹೊನ್ನಗೆಂಪು ತಂದೆ ಸೇರಿದಾಗಲೂ ಹೀಗೆಯೇ: ಗಂಡುಮರಿ ಬಿಳಿಹಳದಿ, ಹೆಣ್ಣುಮರಿ ಕೆಂಗಂದು. ಕಂದು ಮೊಟ್ಟೆ ಇಡುವ ಫಾರಂ ಕೋಳಿಗಳನ್ನು ಹ್ಯಾಚರಿಯಲ್ಲಿ ವಿಂಗಡಿಸಲು ಈ ಉಪಾಯ ಬಳಸುತ್ತಾರೆ. ನಮ್ಮ ಅಂಗಳದಲ್ಲಿ ಇದನ್ನು ಹಚ್ಚಲು ಹೋಗಬೇಡಿ. ನಮ್ಮಲ್ಲಿ ಕಾಣುವ ಬಿಳಿಕೋಳಿಯ ಬಿಳುಪು ಹೆಚ್ಚಾಗಿ ಫಾರಂನ ಬಿಳಿ ಮೊಟ್ಟೆಕೋಳಿಯಾದ ಲೆಗ್‌ಹಾರ್ನ್‌ನಿಂದಲೋ ಬಾಯ್ಲರ್‌ನಿಂದಲೋ ಬಂದದ್ದು. ಅದಕ್ಕೂ ಲಿಂಗಕ್ಕೂ ಸಂಬಂಧವಿಲ್ಲ.

ರೆಕ್ಕೆ ನೋಡಿ ಹೇಳುವ ಪದ್ಧತಿಯೂ ಹ್ಯಾಚರಿಯದ್ದೇ. ಒಂದು ದಿನದ ಮರಿಯ ರೆಕ್ಕೆ ಬಿಡಿಸಿದರೆ ಎರಡು ಸಾಲು ಗರಿಮೊಳಕೆ ಕಾಣುತ್ತವೆ. ಕೆಳಸಾಲು ಉದ್ದವಿದ್ದರೆ ಹೆಣ್ಣು, ಎರಡೂ ಸಮವಾಗಿದ್ದರೆ ಅಥವಾ ಮೇಲಿನದೇ ಉದ್ದವಿದ್ದರೆ ಗಂಡು. ಇದು ಕೆಲಸ ಮಾಡುವುದು ಗರಿ ನಿಧಾನ ಬರುವ ತಾಯಿ, ಬೇಗ ಬರುವ ತಂದೆ ಎಂದು ಬೇಕೆಂದೇ ಜೋಡಿ ಮಾಡಿದ ತಳಿಯಲ್ಲಿ ಮಾತ್ರ. ಮೊಬೈಲಿನ ವಿಡಿಯೋ ನೋಡಿ ಊರುಹೇಂಟೆಯ ಮರಿಗಳ ರೆಕ್ಕೆ ಎಳೆದು ನೋಡುವವರನ್ನು ಕಂಡರೆ ಮರಿಗಳ ಬಗ್ಗೆ ಪಾಪ ಎನಿಸುತ್ತದೆ. ಮಲದ್ವಾರ ಒತ್ತಿ ನೋಡುವ ಜಪಾನೀ ವಿದ್ಯೆಯಂತೂ ವರ್ಷಗಟ್ಟಲೆ ಕೈ ಪಳಗಿದವರಿಗೆ ಬಿಟ್ಟದ್ದು. ನಾವು ಒತ್ತಿದರೆ ಮರಿಯ ಕರುಳಿಗೇ ಪೆಟ್ಟಾದೀತು.

ಮೊದಲ ದಿನದ ಇನ್ನೊಂದು ಕೆಲಸ ಗುರುತು ಹಾಕುವುದು. ಒಂದೊಂದು ಮರಿಯ ಒಂದೊಂದು ಬೆರಳಿನ ಉಗುರಿಗೆ ನೇಲ್ ಪಾಲಿಶ್ ಹಚ್ಚಿ. ಎರಡು ವಾರಕ್ಕೊಮ್ಮೆ ಹೊಸದಾಗಿ ಹಚ್ಚಬೇಕು. ಕಾಲಿಗೆ ಉಲ್ಲನ್ ದಾರ ಕಟ್ಟುವವರು ವಾರಕ್ಕೊಮ್ಮೆ ಸಡಿಲ ಮಾಡದಿದ್ದರೆ ದಾರ ಮಾಂಸದೊಳಗೆ ಇಳಿಯುತ್ತದೆ. ಪ್ರತಿ ಭಾನುವಾರ ಒಂದೇ ಜಾಗದಲ್ಲಿ, ಅಡಿಕೆ ಹಾಳೆಯ ಮೇಲೆ ನಿಲ್ಲಿಸಿ, ಬದಿಯಿಂದ ಒಂದು, ಎದುರಿನಿಂದ ಒಂದು ಫೋಟೋ ತೆಗೆದಿಡಿ. ಹಾಳೆಯ ಕಂದುಬಿಳುಪಿನ ಎದುರು ಕಾಲಿನ ಬಣ್ಣ ಸರಿಯಾಗಿ ಕಾಣುತ್ತದೆ. ಆಷಾಢದ ಮಬ್ಬಿನಲ್ಲಿ ತೆಗೆದ ಫೋಟೋದಲ್ಲಿ ಹಸಿರುಗಾಲು, ಬೂದುಗಾಲು, ಕರಿಗಾಲು ಎಲ್ಲ ಒಂದೇ ತರ.

ಕಡಕ್‌ನಾಥ್ ಬೆರಕೆಯಾದರೆ

ಇದಕ್ಕೆ ಸ್ವಲ್ಪ ಹೆಚ್ಚು ಜಾಗ ಕೊಡುತ್ತೇನೆ. ಈಚೆಗೆ ನನ್ನ ಬಳಿ ಕೇಳುವವರಲ್ಲಿ ಅರ್ಧದಷ್ಟು ಜನರ ಪ್ರಶ್ನೆ ಇದೇ: "ಕರಿ ಹುಂಜ ಬಿಟ್ಟಿದ್ದೆ, ಅರ್ಧ ಮರಿ ಕಪ್ಪಾದವು, ಅರ್ಧ ಆಗಲಿಲ್ಲ. ಹುಂಜ ಕೊಟ್ಟವನು ಮೋಸ ಮಾಡಿದ್ದಾನಾ?"

ಮೋಸ ಆಗಿರಲಿಕ್ಕಿಲ್ಲ. ಕಡಕ್‌ನಾಥ್‌ನ ಚರ್ಮ, ಮಾಂಸ, ಎಲುಬಿನ ಪೊರೆಯವರೆಗೂ ಕಪ್ಪು ಹರಡಿಸುವ ಗುಣ ಒಂದು. ಅದು ಜೋರಿನ ಗುಣ, ಝಡ್ ಮೇಲಿಲ್ಲ, ಹಾಗಾಗಿ ಎಲ್ಲ ಮಕ್ಕಳಿಗೂ ಹೋಗುತ್ತದೆ. ಆದರೆ ಚರ್ಮದ ಕಪ್ಪನ್ನು ತಡೆಯುವ ಇನ್ನೊಂದು ಗುಣವಿದೆ. ಅದು ಝಡ್ ಮೇಲಿದೆ, ಜೋರಿನದೂ ಹೌದು. ಬಿಳಿಗಾಲಿನ, ಹಳದಿಗಾಲಿನ ಕೋಳಿಗಳಲ್ಲಿ ಈ ತಡೆ ಇರುತ್ತದೆ, ಕಡಕ್‌ನಾಥ್‌ನಲ್ಲಿ ಇರುವುದಿಲ್ಲ. ಸಿಲ್ಕಿ ಎಂಬ ಇನ್ನೊಂದು ಕರಿಚರ್ಮದ ತಳಿಯಲ್ಲಿ ಈ ವಿಚಿತ್ರವನ್ನು ಬೇಟ್ಸನ್ ಮತ್ತು ಪನೆಟ್ ಎಂಬ ಇಂಗ್ಲೆಂಡಿನ ವಿಜ್ಞಾನಿಗಳು 1911ರಷ್ಟು ಹಿಂದೆಯೇ ಬಿಡಿಸಿ ಬರೆದಿದ್ದರು.

ಈಗ ಅಡ್ಡ ಹೋಲಿಕೆಯ ಲೆಕ್ಕ ಹಚ್ಚಿ. ಕಡಕ್‌ನಾಥ್ ಹುಂಜ, ಬಿಳಿ ಅಥವಾ ಹಳದಿ ಕಾಲಿನ ಊರುಹೇಂಟೆ. ಮಗನಿಗೆ ಅಮ್ಮನಿಂದ ತಡೆ ಸಿಗುತ್ತದೆ, ಅವನ ಕಾಲು ಮುಖ ತಿಳಿಯಾಗಿ ಅಲ್ಲಲ್ಲಿ ಕಪ್ಪು ಮಚ್ಚೆಯಷ್ಟೇ ಉಳಿಯುತ್ತದೆ, ಜುಟ್ಟು ಕೆಂಪಾಗುತ್ತದೆ. ಮಗಳಿಗೆ ಅಮ್ಮನ ಝಡ್ ಸಿಗುವುದೇ ಇಲ್ಲ, ತಡೆಯೂ ಇಲ್ಲ, ಅವಳು ಅಪ್ಪನ ಹಾಗೆ ಮುಖ, ಕಾಲು, ಚರ್ಮ ಎಲ್ಲ ಕಪ್ಪು. ಎಂದರೆ ಕಪ್ಪಾದ ಅರ್ಧ ಹೇಂಟೆಗಳು, ಆಗದ ಅರ್ಧ ಹುಂಜಗಳು. ಒಡೆದ ದಿನ ಅಷ್ಟು ಸ್ಪಷ್ಟವಿರುವುದಿಲ್ಲ. ಮೂರು ನಾಲ್ಕು ವಾರದ ಹೊತ್ತಿಗೆ ಎರಡು ಗುಂಪು ಕಣ್ಣಿಗೆ ಹೊಡೆಯುವಂತೆ ಬೇರೆಯಾಗುತ್ತವೆ.

ತಿರುವುಮುರುವು ಮಾಡಿದರೆ, ಹೇಂಟೆ ಕಡಕ್‌ನಾಥ್, ಹುಂಜ ಬಿಳಿಗಾಲಿನ ಊರಿನವನು ಎಂದಾದರೆ, ಅವನಿಂದ ತಡೆ ಮಗನಿಗೂ ಮಗಳಿಗೂ ಹೋಗಿ ಎಲ್ಲ ಮರಿಗಳೂ ತಿಳಿಯಾಗುತ್ತವೆ. ಲಿಂಗವೂ ತಿಳಿಯದು, ಕರಿಕೋಳಿಯೂ ಸಿಗದು. ಕರಿ ಮಾಂಸಕ್ಕೆ ಬೆಲೆ ಬರುತ್ತದೆಂದು ಕಡಕ್‌ನಾಥ್ ಹೇಂಟೆಗಳನ್ನು ತಂದು ಊರುಹುಂಜದ ಜೊತೆ ಬಿಟ್ಟವರಿಗೆ ಇದನ್ನು ಮೊದಲೇ ಯಾರಾದರೂ ಹೇಳಬೇಕಿತ್ತು.

ಎರಡು ಎಚ್ಚರ. ನಮ್ಮ ಊರುಹೇಂಟೆಗಳಲ್ಲಿ ಬೂದು, ಹಸಿರುಗಪ್ಪು ಕಾಲಿನವು ಬೇಕಾದಷ್ಟಿವೆ. ಆ ಹೇಂಟೆಗಳಲ್ಲಿ ತಡೆಯ ಗುಣವಿಲ್ಲ, ಹಾಗಾಗಿ ಅವುಗಳ ಮರಿಗಳಲ್ಲಿ ಗಂಡುಹೆಣ್ಣಿನ ಈ ವ್ಯತ್ಯಾಸ ಕಾಣುವುದಿಲ್ಲ. ಎರಡನೆಯದು, ಹುಂಜ ನಿಜವಾಗಿ ಕಡಕ್‌ನಾಥ್ ಆಗಿರಬೇಕು. ಗರಿಯ ಕಪ್ಪು ನೋಡಿ ಕೊಳ್ಳಬೇಡಿ. ಬಾಯಿ ತೆರೆಸಿ ನಾಲಿಗೆ ನೋಡಿ, ಜುಟ್ಟು, ಮುಖ, ಅಂಗಾಲು ನೋಡಿ. ನಾಲಿಗೆ ಗುಲಾಬಿ, ಜುಟ್ಟು ಕೆಂಪು ಎಂದಾದರೆ ಅದು ಬರೀ ಕಪ್ಪು ಬಣ್ಣದ ಕೋಳಿ.

ಮೂರನೇ ವಾರದಿಂದ ಎಂಟನೇ ವಾರ

ಬಣ್ಣದ ಉಪಾಯ ಒದಗದ ಮರಿಗಳೇ ಹೆಚ್ಚು. ಅವುಗಳಿಗೆ ಮೈಕಟ್ಟು ನೋಡಬೇಕು. ಇಲ್ಲಿ ಒಂದೇ ನಿಯಮ: ಒಂದೇ ವಯಸ್ಸಿನ, ಒಂದೇ ಅಪ್ಪ ಅಮ್ಮನ ಮರಿಗಳನ್ನು ಮಾತ್ರ ಪರಸ್ಪರ ಹೋಲಿಸಿ. ಅತ್ತಿಗೆಯ ಎದುರು ನನ್ನ ಮಾನ ಹೋದದ್ದು ಇದನ್ನು ಮುರಿದದ್ದಕ್ಕೆ.

ಗಂಡುಮರಿಯ ಕಾಲು ದಪ್ಪ, ನಿಲುವು ನೆಟ್ಟಗೆ. ಬೆನ್ನು, ಭುಜದ ಮೇಲೆ ಗರಿ ತಡವಾಗಿ ತುಂಬುತ್ತದೆ, ಬಾಲ ಮೋಟು. ಹೆಣ್ಣುಮರಿಗೆ ಬಾಲ ಬೇಗ, ಮೈ ತುಂಬುವುದೂ ಬೇಗ. ಐದು ಆರು ವಾರಕ್ಕೆ ಗಂಡುಮರಿಯ ಜುಟ್ಟು ಅಗಲವಾಗಿ ಗುಲಾಬಿ, ಆಮೇಲೆ ಕೆಂಪು ಬಣ್ಣಕ್ಕೆ ತಿರುಗುತ್ತದೆ, ಗಲ್ಲದ ಕೆಳಗಿನ ಜೋಲು ಕಾಣತೊಡಗುತ್ತದೆ. ಹೆಣ್ಣುಮರಿಯದು ಆಗಲೂ ಸಣ್ಣಗೆ, ಹಳದಿ ಬೆರೆತ ಬಣ್ಣದಲ್ಲೇ ಇರುತ್ತದೆ.

ಜುಟ್ಟಿನ ಆಕಾರ ಗಮನಿಸದೆ ಜುಟ್ಟು ಹೋಲಿಸಬಾರದು. ಗರಗಸದಂತೆ ನಿಂತ ಒಂಟಿಜುಟ್ಟು ಒಂದು. ಅಸೀಲ್ ರಕ್ತದ ಅಂಕದ ಕೋಳಿಗಳಲ್ಲಿ ತಲೆಗೆ ಅಂಟಿಕೊಂಡ, ಮೂರು ಸಾಲಿನ ಗಿಡ್ಡ ಜುಟ್ಟು. ಈ ಗಿಡ್ಡಜುಟ್ಟಿನ ಗಂಡುಮರಿ ಎಂಟು ವಾರಕ್ಕೂ ಹೇಂಟೆಯಂತೆ ಕಾಣಬಹುದು, ಅಕ್ಕನಂತಿರುವ ಒಂಟಿಜುಟ್ಟಿನ ಹೇಂಟೆ ಅವನಿಗಿಂತ ಕೆಂಪಾಗಿ ಕಾಣಬಹುದು. ಗಿಡ್ಡಜುಟ್ಟಿನಲ್ಲಿ ಎತ್ತರ ನೋಡಬೇಡಿ, ಅಗಲ ಮತ್ತು ನಡುಸಾಲಿನ ಕೆಂಪು ನೋಡಿ. ಅಸೀಲ್ ಬೆರಕೆಯ ಹೇಂಟೆಗಳೂ ನೆಟ್ಟಗೆ ನಿಲ್ಲುತ್ತವೆ, ಜಗಳವಾಡುತ್ತವೆ. ನಿಲುವು ನೋಡಿ ಹುಂಜ ಎನ್ನಬೇಡಿ. ಈ ಕೋಳಿಗಳ ವಿಷಯ ಬಂದದ್ದಕ್ಕೆ ಹೇಳುತ್ತೇನೆ, ಪ್ರಾಣಿಗಳನ್ನು ಕಾದಾಡಿಸುವುದು 1960ರ ಕಾಯ್ದೆಯ ಪ್ರಕಾರ ಅಪರಾಧ. ಸಾಕುವುದು ತಪ್ಪಲ್ಲ, ಅಂಕಕ್ಕೆ ಇಳಿಸುವುದು ತಪ್ಪು.

ಕಾಡುಕೋಳಿಯ ಕಂದು ಬಣ್ಣ ಹೊತ್ತ ಊರುಕೋಳಿಗಳಲ್ಲಿ ಎದೆಯೂ ಸುಳಿವು ಕೊಡುತ್ತದೆ. ಆರನೇ ವಾರದ ಆಚೀಚೆ ಗಂಡುಮರಿಯ ಎದೆಯಲ್ಲಿ ಕಪ್ಪು ಗರಿ ಮೂಡತೊಡಗುತ್ತದೆ, ಹೆಣ್ಣುಮರಿಯ ಎದೆ ಮಾಸಲು ಕೇಸರಿಗಂದು. ಭುಜದ ಮೇಲೆ ಬೇರೆ ಬಣ್ಣದ ತೇಪೆ, ಮುಖ್ಯವಾಗಿ ಕಡುಗೆಂಪು ಎದ್ದು ಬಂದರೆ ಹುಂಜದ ಕಡೆ ತೂಗುತ್ತದೆ. ಹೇಂಟೆಯ ಬಣ್ಣ ಮೈಯೆಲ್ಲ ಒಂದೇ ಹದದಲ್ಲಿ ಹರಡಿರುತ್ತದೆ.

ಸೊಂಟದ ಗರಿ

ಕೊನೆಯ ಮಾತು ಈ ಗರಿಯದ್ದು. ಹತ್ತರಿಂದ ಹದಿನಾಲ್ಕು ವಾರದ ನಡುವೆ, ರಾತ್ರಿ ಗೂಡಿನಲ್ಲಿ ಕೂತಿರುವಾಗ ಮರಿಯನ್ನು ಎತ್ತಿಕೊಂಡು ಕಂಕುಳಲ್ಲಿ ಒತ್ತಿ ಹಿಡಿಯಿರಿ, ಇನ್ನೊಬ್ಬರು ಟಾರ್ಚು ಹಿಡಿಯಲಿ. ಬಾಲಕ್ಕೆ ಸ್ವಲ್ಪ ಮುಂದೆ, ಸೊಂಟದ ಎರಡೂ ಬದಿಯ ಗರಿಗಳನ್ನು ಬೆರಳಿನಲ್ಲಿ ಬಿಡಿಸಿ. ಈಟಿಯ ತುದಿಯಂತೆ ಚೂಪಾದ, ಸಪೂರ, ಹೊಳೆಯುವ, ಅಂಚು ಎಳೆಎಳೆಯಾಗಿ ಬಿಟ್ಟ ಗರಿ ಒಂದೇ ಒಂದು ಸಿಕ್ಕಿದರೂ ಹುಂಜ. ಎಲ್ಲವೂ ಅಗಲವಾಗಿ ತುದಿ ದುಂಡಾಗಿದ್ದರೆ ಹೇಂಟೆ ಇರಬೇಕು.

"ಇರಬೇಕು" ಎಂದದ್ದು ಬೇಕೆಂದೇ. ಮರಿಯ ಮೊದಲ ಗರಿಗಳು ಗಂಡಿನಲ್ಲೂ ದುಂಡಾಗಿಯೇ ಇರುತ್ತವೆ, ಅವು ಉದುರಿ ಹೊಸವು ಬಂದಾಗಲೇ ಚೂಪು ಬರುವುದು. ಒಂಬತ್ತನೇ ವಾರದಲ್ಲಿ ಚೂಪುಗರಿ ಸಿಗಲಿಲ್ಲ ಎಂದು ಹೇಂಟೆ ಎಂದುಬಿಡಬೇಡಿ, ಎರಡು ವಾರ ಬಿಟ್ಟು ಮತ್ತೆ ನೋಡಿ. ಗಾತ್ರದ ತಳಿಯ ಬೆರಕೆಗಳಲ್ಲಿ ಇನ್ನೂ ತಡ.

ಈ ಗರಿಯನ್ನು ನಂಬಲು ಕಾರಣವಿದೆ. ಕೋಳಿಯಲ್ಲಿ ಹುಂಜದ ಗರಿಯೇ ಮೂಲ ರೂಪ. ಹೇಂಟೆಯ ದುಂಡುಗರಿ ಅವಳ ಅಂಡಾಶಯದಿಂದ ಬರುವ ಈಸ್ಟ್ರೋಜನ್‌ನ ಫಲ. ಅದು ಹರಿಯುತ್ತಿಲ್ಲವೆಂದರೆ ಗರಿ ಚೂಪಾಗುತ್ತದೆ. ಅಂಡಾಶಯ ಕೆಟ್ಟ ಮುದಿ ಹೇಂಟೆಗೆ ಹುಂಜದ ಗರಿ ಬಂದು, ಒಮ್ಮೊಮ್ಮೆ ಕೂಗುವುದೂ ಇದರಿಂದಲೇ. ಹೇಂಟೆ ಕೂಗಿದರೆ ಮನೆಗೆ ಕೆಡುಕು ಎಂದು ಹೆದರಿ ಅದೇ ದಿನ ಕುತ್ತಿಗೆ ಮುರಿಯುತ್ತಿದ್ದ ಕಾಲ ನನಗೆ ನೆನಪಿದೆ.

ಆಮೇಲೆ ಬಾಲದಲ್ಲಿ ಕುಡುಗೋಲಿನಂತೆ ಬಾಗಿದ ಗರಿ, ಕೂಗು ಎಲ್ಲ ಬರುತ್ತವೆ. ಅಷ್ಟು ಹೊತ್ತಿಗೆ ನಿಮಗೆ ಮಾರ್ಗದರ್ಶಿ ಬೇಡ. ಕಾಲಿನ ಮುಳ್ಳು ಮಾತ್ರ ನಂಬಬೇಡಿ, ಅದರ ಮೊಳಕೆ ಹೇಂಟೆಗೂ ಇರುತ್ತದೆ.

ಅಪ್ಪನನ್ನು ಹುಡುಕುವುದು

ಮರಿ ನೋಡಿ "ಇವನೇ ಅಪ್ಪ" ಎನ್ನಲು ಸಾಮಾನ್ಯವಾಗಿ ಆಗುವುದಿಲ್ಲ. "ಇವನಲ್ಲ" ಎನ್ನಬಹುದು. ಮೊದಲ ಪುಟದ ಪಟ್ಟಿ ತೆಗೆದು ಒಬ್ಬೊಬ್ಬರನ್ನೇ ಹೊಡೆದುಹಾಕುತ್ತ ಹೋಗಿ, ಕೊನೆಗೆ ಉಳಿದವನನ್ನು ಹಿಡಿಯಿರಿ.

ಬೋಳುಕುತ್ತಿಗೆ ಎಲ್ಲಕ್ಕಿಂತ ಸುಲಭ. ಅದು ಜೋರಿನ ಗುಣ, ಒಡೆದ ದಿನವೇ ಕಾಣುತ್ತದೆ. ಅಪ್ಪ ಅಮ್ಮ ಇಬ್ಬರಿಗೂ ಕುತ್ತಿಗೆಯಲ್ಲಿ ಗರಿ ಇದ್ದರೆ ಬೋಳುಕುತ್ತಿಗೆಯ ಮರಿ ಹುಟ್ಟುವುದಿಲ್ಲ. ಕುತ್ತಿಗೆಯ ಬುಡದಲ್ಲಿ, ಮುಂಭಾಗಕ್ಕೆ ಒಂದು ಗರಿಗೊಂಚಲು ಉಳಿದಿದ್ದರೆ ಆ ಗುಣ ಒಬ್ಬರಿಂದ ಮಾತ್ರ ಬಂದದ್ದು, ಪೂರ್ತಿ ಬೋಳಾಗಿದ್ದರೆ ಇಬ್ಬರಿಂದಲೂ. ನಮ್ಮ ಮನೆಯಲ್ಲಿ ಬೋಳುಕುತ್ತಿಗೆಯ ಕೋಳಿಯೇ ಇಲ್ಲದಿದ್ದರೂ ಒಮ್ಮೆ ಎರಡು ಮರಿಗೆ ಗೊಂಚಲಿತ್ತು. ಗಜನಿಯ (ಉಪ್ಪುನೀರು ನುಗ್ಗುವ ಗದ್ದೆಯ) ಆಚೆಯ ಮನೆಯ ಹುಂಜ ಇಳಿತದ ಹೊತ್ತಿನಲ್ಲಿ ಕಟ್ಟೆಯ ಮೇಲೆ ನಡೆದು ಬರುತ್ತಿತ್ತು ಎಂದು ಆಮೇಲೆ ತಿಳಿಯಿತು.

ಜುಟ್ಟು: ಗಿಡ್ಡಜುಟ್ಟೂ ಜೋರಿನದು. ಒಂಟಿಜುಟ್ಟಿನ ಇಬ್ಬರಿಗೆ ಗಿಡ್ಡಜುಟ್ಟಿನ ಮರಿ ಹುಟ್ಟದು. ಗಿಡ್ಡಜುಟ್ಟಿನ ಇಬ್ಬರಿಗೆ ಒಂಟಿಜುಟ್ಟಿನ ಮರಿ ಹುಟ್ಟಬಹುದು, ಅಜ್ಜ ಅಜ್ಜಿಯರಲ್ಲಿ ಬೆರಕೆ ಇದ್ದರೆ.

ಹಳದಿಗಾಲು ಅಡಗುವ ಗುಣ, ಎರಡೂ ಕಡೆಯಿಂದ ಬರಬೇಕು. ಹಳದಿಗಾಲಿನ ಇಬ್ಬರಿಗೆ ಬಿಳಿಗಾಲಿನ ಮರಿ ಬಂದರೆ ಅಪ್ಪ ಬೇರೆ ಯಾರೋ. ಆದರೆ ಸತತ ಮೊಟ್ಟೆ ಇಡುವ ಹೇಂಟೆಯ ಹಳದಿ ಬಣ್ಣ ಮೊಟ್ಟೆಯ ಭಂಡಾರಕ್ಕೆ ಹರಿದು ಕಾಲು ಬಿಳಿಚಿಕೊಳ್ಳುತ್ತದೆ. ಅವಳ ಕಾಲಿನ ಬಣ್ಣ ಬರೆಯುವುದಾದರೆ ಮೊಟ್ಟೆ ನಿಲ್ಲಿಸಿ, ಕಾವು ಮುಗಿಸಿದ ಮೇಲೆ ಬರೆಯಿರಿ. ಈ ಹಳದಿಯ ಮೂಲ ನಮ್ಮ ಕಾಡಿನದ್ದು ಎಂಬುದು ನನಗೆ ಬಹಳ ಇಷ್ಟವಾದ ಸಂಗತಿ. ಸಾಕುಕೋಳಿಯ ಮುಖ್ಯ ಪೂರ್ವಜ ಕೆಂಪು ಕಾಡುಕೋಳಿಯಾದರೂ, ಹಳದಿ ಚರ್ಮದ ಗುಣ ಬಂದದ್ದು ಬೂದು ಕಾಡುಕೋಳಿಯಿಂದ ಎಂದು 2008ರಲ್ಲಿ ಸಂಶೋಧಕರು ಡಿಎನ್‌ಎ ನೋಡಿ ತೋರಿಸಿದರು. ಶಿರಸಿ, ಯಲ್ಲಾಪುರದ ಕಾಡಂಚಿನಲ್ಲಿ ಬೆಳಿಗ್ಗೆ ಕೂಗುವುದು ಅದೇ ಹಕ್ಕಿ. ಅದರ ಮೊಟ್ಟೆ ತಂದು ಊರುಹೇಂಟೆಯ ಅಡಿ ಇಡುವ ಆಸೆ ಬೇಡ, 1972ರ ವನ್ಯಜೀವಿ ಕಾಯ್ದೆಯಲ್ಲಿ ಅದಕ್ಕೆ ರಕ್ಷಣೆ ಇದೆ.

ಬಿಳಿ ಮೈಯಲ್ಲಿ ಅಲ್ಲಲ್ಲಿ ಕಪ್ಪು ಚುಕ್ಕೆ ಇದ್ದರೆ ಒಬ್ಬರು ಲೆಗ್‌ಹಾರ್ನ್ ಕಡೆಯವರೋ ಬಾಯ್ಲರ್ ಕಡೆಯವರೋ ಇರಬೇಕು. ಗರಿಯಿಂದ ಡಿಎನ್‌ಎ ಪರೀಕ್ಷೆ ಮಾಡಿ ಲಿಂಗ ಹೇಳುವ ಪ್ರಯೋಗಾಲಯಗಳೂ ಇವೆ. ಗಿಳಿ ಸಾಕುವವರಿಗೆ ಅದು ಸರಿ, ಅಂಗಳದ ಕೋಳಿಗೆ ಆ ಖರ್ಚು ಬೇಡ.

ಇವನ್ನು ಬಿಟ್ಟುಬಿಡಿ

ಚೂಪು ಮೊಟ್ಟೆ ಹುಂಜ, ದುಂಡು ಮೊಟ್ಟೆ ಹೇಂಟೆ ಎಂಬುದು ಸುಳ್ಳು. ಆಕಾರ ತಾಯಿಯ ಮೊಟ್ಟೆನಾಳದ್ದು. ಮೊಟ್ಟೆಯ ಮೇಲೆ ದಾರ ಕಟ್ಟಿದ ಉಂಗುರ ತೂಗಾಡಿಸುವುದು, ಕಾಲು ಹಿಡಿದು ತಲೆಕೆಳಗು ಮಾಡಿ ಒದ್ದಾಡುತ್ತದೋ ನೋಡುವುದು ಎಲ್ಲ ಕಾಲಹರಣ. ಜಾತ್ರೆಯಲ್ಲಿ ಬುಟ್ಟಿಯಲ್ಲಿ ಮಾರುವ ನೀಲಿ, ಗುಲಾಬಿ, ಹಸಿರು ಮರಿಗಳಲ್ಲಿ ಮಾತ್ರ ನೋಡದೆಯೇ ಹೇಳಬಹುದು: ಅವು ಬಹುಪಾಲು ಮೊಟ್ಟೆಕೋಳಿ ಹ್ಯಾಚರಿಗಳು ಬೇಡವೆಂದ ಗಂಡುಮರಿಗಳು.

ಹತ್ತು ಮರಿಯಲ್ಲಿ ಏಳು ಹುಂಜವಾದರೆ ಹೇಂಟೆಯ ದೋಷ ಎಂದು ಅದನ್ನು ಮಾರಬೇಡಿ. ಸರಿಸಮ ಹುಟ್ಟುವ ಲೆಕ್ಕದಲ್ಲೂ ಹತ್ತಕ್ಕೆ ಏಳು ಅಥವಾ ಹೆಚ್ಚು ಹುಂಜ ಬರುವುದು ನೂರು ಬಾರಿ ಕೂಡಿಸಿದರೆ ಸುಮಾರು ಹದಿನೇಳು ಬಾರಿ ಆಗುತ್ತದೆ.

ಕೊಡುವಾಗ, ಕೊಳ್ಳುವಾಗ

ಕಾರವಾರದ ಭಾನುವಾರದ ಸಂತೆಯಲ್ಲೋ ಬೈಕಿನ ಮೇಲೆ ಮಾರಲು ಬಂದವರ ಬಳಿಯೋ ಮರಿ ಕೊಳ್ಳುವುದಾದರೆ ಅಪ್ಪ ಅಮ್ಮ ಯಾರೆಂದು ತಿಳಿಯುವ ದಾರಿ ಇಲ್ಲ. ಹೇಂಟೆಯೇ ಬೇಕೆಂದರೆ ಮೂರು ತಿಂಗಳು ದಾಟಿದ್ದನ್ನೇ ಕೊಂಡು ಸೊಂಟದ ಗರಿ ಬಿಡಿಸಿ ನೋಡಿ, ಹೆಚ್ಚಿಗೆ ಕೊಟ್ಟ ಹಣ ವ್ಯರ್ಥವಲ್ಲ. ಹರಕೆಗೆ ಇಂಥದ್ದೇ ಬಣ್ಣದ ಹುಂಜ ಎಂದು ಹೇಳಿಕೊಂಡವರು ಇನ್ನೂ ಕಾಯಬೇಕು. ಎಳೆಯದರ ಬಣ್ಣ ಗರಿ ಬದಲಾದಾಗ ಎಷ್ಟೋ ಮಾರ್ಪಾಡಾಗುತ್ತದೆ.

ಮನೆಯಲ್ಲೇ ಇಟ್ಟುಕೊಳ್ಳುವ ಹುಂಜ ಎಂಟು ಹತ್ತು ಹೇಂಟೆಗೆ ಒಂದು ಸಾಕು. ಉಳಿದವುಗಳನ್ನು ಕೂಗು ಶುರುವಾದ ಕೂಡಲೇ ಬೇರೆ ಮಾಡಿ, ಇಲ್ಲವಾದರೆ ಅವು ನಿಮ್ಮ ಪುಸ್ತಕದ ಮುಂದಿನ ಪುಟವನ್ನೂ ಹಾಳು ಮಾಡುತ್ತವೆ. ಅಪ್ಪನ ಹೆಸರು ಬರೆದಿಟ್ಟದ್ದಕ್ಕೆ ಇಲ್ಲೊಂದು ಉಪಯೋಗ: ಅವನ ಮಗಳ ಜೊತೆ ಅವನನ್ನೇ ಬಿಡದೆ, ಬೇರೆ ಮನೆಯ ಹುಂಜದೊಂದಿಗೆ 'ಬದಲಿ' ಮಾಡಿಕೊಳ್ಳಬಹುದು.

ಅತ್ತಿಗೆಗೆ ಆ ಮೂರು ಹುಂಜದ ಬದಲಿಗೆ ಮೂರು ಹೇಂಟೆ ಕೊಟ್ಟು ಬಂದೆ. ಎರಡು ಪಟ್ಟೆ ತಾಯಿಯ ಕಪ್ಪು ನೆತ್ತಿಯವು, ಸಂಶಯವಿರಲಿಲ್ಲ. ಮೂರನೆಯದು ಗಿಡ್ಡಜುಟ್ಟಿನದು, ಹನ್ನೊಂದು ವಾರ, ಸೊಂಟದಲ್ಲಿ ಇನ್ನೂ ದುಂಡುಗರಿ. ಪುಸ್ತಕದಲ್ಲಿ ಅದರ ಎದುರು ಪ್ರಶ್ನೆಚಿಹ್ನೆ ಇದೆ, ಅತ್ತಿಗೆಗೂ ಹಾಗೆಯೇ ಹೇಳಿದ್ದೇನೆ. ಅವರು ದಿನಾ ರಾತ್ರಿ ಟಾರ್ಚು ಹಿಡಿದು ನೋಡುತ್ತಿದ್ದಾರಂತೆ.